ಬನಿಯನ್ ಕಾಲಿಗೊಂದು ಬೇಸಿಗೆ ಚಪ್ಪಲಿ

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಈ ಸಲದ ಅಂಕಣ ಗಂಡಸರ ಒಳಂಗಿಯ ಬಗ್ಗೆ ಅಲ್ಲ. ಕಾಲಿನ ಹೆಬ್ಬೆರಳ ಬುಡದಲ್ಲಿ, ಪಾದದ ಒಳಬದಿಗೆ, ನೆಲ್ಲಿಕಾಯಿಯಷ್ಟು ದಪ್ಪಗೆ ಎದ್ದು ನಿಲ್ಲುವ ಗಂಟಿಗೂ ಇಂಗ್ಲಿಷಿನಲ್ಲಿ ಬನಿಯನ್ ಅಂತಲೇ ಹೆಸರು. ಹೋದ ವರ್ಷ ಜನವರಿಯಲ್ಲಿ ಧಾರವಾಡಕ್ಕೆ ಫೋನ್ ಮಾಡಿ, ‘ಬನಿಯನ್ ತೋರಸಾಕ ಡಾಕ್ಟರ್ ಕಡೆ ಹೊಂಟೀನಿ’ ಅಂದೆ. ಅವ್ವ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ, ‘ಬನೀನಾ? ಯಾರದು?’ ಅಂದಳು.

ತಮಾಷೆ ಹಾಗಿರಲಿ. ಏಪ್ರಿಲ್ ಬಂತೆಂದರೆ ಪುಣೆಯಲ್ಲಿ ನಲವತ್ತರ ಆಸುಪಾಸಿನ ಬಿಸಿಲು. ಹಿಂಜವಡಿಯ ಆಫೀಸಿನೊಳಗೆ ಏಸಿ ಇದೆ, ಸರಿ. ಆದರೆ ಬಸ್ ಇಳಿದು ಗೇಟು ದಾಟಿ ನಮ್ಮ ಕಟ್ಟಡ ಮುಟ್ಟುವಷ್ಟರಲ್ಲಿ ಶೂ ಒಳಗಿನ ಕಾಲು ಬೆಂದ ಗೆಣಸಾಗಿರುತ್ತದೆ. ಬೇರೆಯವರಿಗೆ ಅದು ಬರೀ ಸೆಕೆ. ಗಂಟು ಇದ್ದವರಿಗೆ ಕಾಲು ಊದಿ, ಗಂಟು ಶೂಗೆ ಒತ್ತಿ, ಸಂಜೆ ಹೊತ್ತಿಗೆ ಕೆಂಪಗಾಗಿ ಉರಿಯುತ್ತದೆ. ಹಾಗಾಗಿ ಬೇಸಿಗೆಗೊಂದು ತೆರೆದ ಚಪ್ಪಲಿ ಬೇಕೇ ಬೇಕು. ಅದು ನೋಡಲು ಚೆಂದವೂ ಇರಬೇಕು. ಮೂವತ್ತೆಂಟಕ್ಕೇ ಆ ಆಸೆ ಬಿಡಲು ನಾನು ತಯಾರಿಲ್ಲ.

ಗಂಟು ಎಂದರೆ ಹೊಸದಾಗಿ ಬೆಳೆದ ಎಲುಬು ಅಂತ ಬಹಳ ಜನ ತಿಳಿದಿರುತ್ತಾರೆ. ನಿಜದಲ್ಲಿ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲುತ್ತಾ ಹೋಗುತ್ತದೆ, ಅದರ ಹಿಂದಿನ ಉದ್ದನೆಯ ಎಲುಬು ಹೊರಗೆ ಸರಿಯುತ್ತದೆ. ಇವೆರಡೂ ಕೂಡುವ ಕೀಲು ಆಚೆ ಚಾಚಿಕೊಂಡು ಗಂಟಿನಂತೆ ಕಾಣುತ್ತದೆ. ವೈದ್ಯರು ಇದಕ್ಕೆ ಹ್ಯಾಲಕ್ಸ್ ವ್ಯಾಲ್ಗಸ್ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಹೆಬ್ಬೆರಳ ವಾಲುವಿಕೆ 15 ಡಿಗ್ರಿ ದಾಟಿದರೆ ಆ ಹೆಸರು ಅಂಟುತ್ತದೆ. ಗಂಟು ಬರುವಂಥ ಪಾದದ ರಚನೆ ಬಹಳಷ್ಟು ಸಲ ಮನೆತನದಿಂದಲೇ ಬಂದಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೂತಿ ಚೂಪಾದ ಶೂ, ಎತ್ತರದ ಹೀಲ್ಸ್ ಅದನ್ನು ಇನ್ನಷ್ಟು ಹದಗೆಡಿಸುತ್ತವೆ. ಬೆರಳ ಸಂದಿಗೆ ಇಡುವ ಸಿಲಿಕಾನ್ ತುಂಡು, ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ಇವೆಲ್ಲ ನೋವಿಗೆ ಕೊಂಚ ಆರಾಮ ಕೊಡಬಹುದು, ವಾಲಿದ ಎಲುಬನ್ನು ನೆಟ್ಟಗೆ ಮಾಡಲಾರವು. ಅದಕ್ಕೆ ಆಪರೇಷನ್ನೇ ಬೇಕು. ನೋವಿನಿಂದ ದಿನದ ಓಡಾಟವೇ ಕಷ್ಟವಾದಾಗ ಅದರ ಯೋಚನೆ, ಪೂರ್ತಿ ಸುಧಾರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ನನ್ನ ಡಾಕ್ಟರ್ ಎಕ್ಸ್‌ರೇ ನೋಡಿ ಹೇಳಿದ್ದು ಇಷ್ಟೇ: ‘ಸದ್ಯಕ್ಕೆ ಚಪ್ಪಲಿ ಬದಲಾಯಿಸಿ.’

ಕೇಳಲು ಎಷ್ಟು ಸುಲಭ! ಲಕ್ಷ್ಮಿ ರಸ್ತೆ, ತುಳಶಿಬಾಗ್, ಕ್ಯಾಂಪಿನ ಎಂ.ಜಿ. ರಸ್ತೆ, ಎರಡು ಮಾಲ್ ಸುತ್ತಿದೆ. ಎಲ್ಲಾ ಕಡೆ ಎರಡೇ ಬಗೆ. ಒಂದು, ದಾರದಷ್ಟು ಸಣ್ಣ ಪಟ್ಟಿಗಳ ಚೆಂದದ ಚಪ್ಪಲಿ. ಆ ಪಟ್ಟಿ ಸರಿಯಾಗಿ ಗಂಟಿನ ನೆತ್ತಿಯ ಮೇಲೆಯೇ ಕೂರುತ್ತದೆ. ಇನ್ನೊಂದು, ಕಂದು ಬಣ್ಣದ ‘ಆರ್ಥೋ’ ಚಪ್ಪಲಿ. ಮೆತ್ತಗಿರುತ್ತದೆ, ಹಾಕಿಕೊಂಡರೆ ಈಗಷ್ಟೇ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಂತೆ ಕಾಣುತ್ತೇವೆ. ಒಂದು ಅಂಗಡಿಯ ಹುಡುಗ ನನ್ನ ಕಾಲು ನೋಡಿ, ‘ಮ್ಯಾಡಂ, ಒಂದು ಸೈಜ್ ದೊಡ್ಡದು ತಗೊಳ್ಳಿ’ ಅಂದ. ಅವನ ಸಲಹೆಯಲ್ಲಿ ಉದ್ದ ಹೆಚ್ಚಾಯಿತು, ಹಿಮ್ಮಡಿ ಜಾರತೊಡಗಿತು, ಗಂಟಿನ ಹತ್ತಿರದ ಬಿಗಿ ಹಾಗೇ ಉಳಿಯಿತು.

ಆ ಹುಡುಗನದೇನೂ ತಪ್ಪಿಲ್ಲ. ನಾವು ಇಂದಿಗೂ ಚಪ್ಪಲಿ ಕೊಳ್ಳುವುದು ಬ್ರಿಟಿಷರ ಕಾಲದಿಂದ ಬಂದ ಯುಕೆ ಅಳತೆಯಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ತ್ರೀಡಿ ಯಂತ್ರದಿಂದ ಅಳೆಯಿತು. ನಮ್ಮ ಪಾದಗಳು ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಅದರಿಂದ ತಿಳಿಯಿತು. ಅದರ ಆಧಾರದ ಮೇಲೆ ‘ಭಾ’ ಎಂಬ ಭಾರತೀಯ ಅಳತೆಯ ಪ್ರಸ್ತಾಪವೂ ಬಂದಿದೆ. ಮೊದಲೇ ಅಗಲವಾದ ಪಾದ, ಅದಕ್ಕೊಂದು ಗಂಟು ಸೇರಿದರೆ ಬಿಳಿಯರ ಅಳತೆಯೊಳಗೆ ಹೇಗೆ ಹಿಡಿಸೀತು?

ಇಷ್ಟಕ್ಕೂ ಒಂದು ಚಪ್ಪಲಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, ನನ್ನ ಅವ್ವನಿಗೂ ಇದೇ ಕಾಲು. ಮದುವೆ ಮನೆಗೆ ಇಳಕಲ್ ಸೀರೆ ಉಟ್ಟು, ಕಾಲಿಗೆ ನೀಲಿ ಪಟ್ಟಿಯ ಹವಾಯಿ ಮೆಟ್ಟಿ ಹೋಗುತ್ತಿದ್ದಳು. ಫೋಟೋ ತೆಗೆಯುವಾಗ ನೆರಿಗೆ ಎಳೆದು ಪಾದ ಮುಚ್ಚಿಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ಬೆಳಗಿನ ವಾಕಿಂಗ್ ಬಿಟ್ಟಳು. ಯಾಕೆಂದರೆ, ‘ಚಪ್ಪಲ್ ಕಡೀತಾವವಾ’ ಅಂತ ಒಂದೇ ಮಾತು. ನಡಿಗೆ ನಿಂತಿತು, ದಾರಿಯಲ್ಲಿ ಗೆಳತಿಯರ ಜೊತೆಗಿನ ಹರಟೆ ನಿಂತಿತು, ಆರು ತಿಂಗಳಲ್ಲಿ ಶುಗರ್ ಏರಿತು. ಕಾಲಿಗೆ ಒಗ್ಗುವ ಚಪ್ಪಲಿ ಸಿಗದೆ ಮನೆಯೊಳಗೇ ಕುಳಿತುಬಿಡುವ ಹೆಂಗಸರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ಅವರು ಅದನ್ನೊಂದು ತೊಂದರೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ನನಗೆ ದಾರಿ ತೋರಿಸಿದ್ದು ಆಫೀಸಿನ ಮರಾಠಿ ಗೆಳತಿ. ‘ಆಮಚಿ ಕೊಲ್ಹಾಪುರಿ ಘೇ ನಾ’ ಅಂದಳು. ನಿಮ್ಮದಷ್ಟೇ ಅಲ್ಲ ತಾಯಿ, ಅರ್ಧ ನಮ್ಮದು ಅಂದೆ. ಇದು ಗಡಿ ಜಗಳದ ಮಾತಲ್ಲ, ಸರ್ಕಾರಿ ದಾಖಲೆಯ ಮಾತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಾಗ ಅದರಲ್ಲಿ ಎಂಟು ಜಿಲ್ಲೆಗಳು ಸೇರಿದವು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹಕ್ಕು ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳಿಗೆ, ಅಲ್ಲಿಯ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್‌ಗೆ, ಜಂಟಿಯಾಗಿ ಇದೆ. ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಮನೆಗಳಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರದ ಪೇಟೆಗೆ ಹೋಗಿ ಆ ಊರಿನ ಹೆಸರು ಹೊತ್ತುಕೊಂಡು ಪುಣೆ, ಮುಂಬೈಗೆ ಬರುವುದು ಹಳೆಯ ಪದ್ಧತಿ. ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟರೆಂಬ ಹರಳಯ್ಯ, ಕಲ್ಯಾಣಮ್ಮ ದಂಪತಿಯ ಕಥೆ ಕೇಳಿ ಬೆಳೆದ ಸೀಮೆ ಅದು.

ಗಂಟಿನ ಕಾಲಿಗೆ ಕೊಲ್ಹಾಪುರಿ ಯಾಕೆ ಹೊಂದಬಹುದು ಎಂಬುದು ಅದರ ರಚನೆಯಲ್ಲೇ ಇದೆ. ಪಾದದ ಮೇಲೆ ಅಡ್ಡಕ್ಕೆ ಒಂದು ಅಗಲ ಪಟ್ಟಿ, ಅದನ್ನು ಅಟ್ಟೆಗೆ ಹಿಡಿಸುವ ಎರಡು ‘ಕಿವಿ’, ಮುಂದೆ ಹೆಬ್ಬೆರಳಿಗೆ ಒಂದು ಉಂಗುರ. ಸರಿಯಾಗಿ ಕೂತರೆ ಗಂಟು ಉಂಗುರಕ್ಕೂ ಪಟ್ಟಿಗೂ ನಡುವಿನ ಖಾಲಿ ಜಾಗದಲ್ಲಿ, ಗಾಳಿಯಲ್ಲಿ, ಯಾವುದಕ್ಕೂ ತಾಗದೆ ಉಳಿಯುತ್ತದೆ. ಚರ್ಮ ಹದ ಮಾಡಲು ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ಅಸಲಿ ಜೋಡಿಯಲ್ಲಿ ಮೊಳೆ ಇಲ್ಲ, ಚರ್ಮದ ದಾರದಿಂದಲೇ ಹೊಲಿಗೆ. ಅಂಥ ಚರ್ಮ ದಿನ ಕಳೆದಂತೆ ನಮ್ಮ ಪಾದದ ಆಕಾರಕ್ಕೆ ಬಗ್ಗುತ್ತದೆ. ರೆಕ್ಸಿನ್ನಿನ ನಕಲಿ ಜೋಡಿ ಎಷ್ಟು ದಿನ ಹಾಕಿದರೂ ಹಾಗೆ ಬಗ್ಗುವುದಿಲ್ಲ.

ಆದರೆ ಅಂಗಡಿಯ ರೆಡಿ ಜೋಡಿಯಲ್ಲಿ ಪಟ್ಟಿಯ ಅಂಚು ನನ್ನ ಗಂಟಿಗೇ ಬಂದು ಒತ್ತುತ್ತಿತ್ತು. ಹಾಗಾಗಿ ಹೋದ ವರ್ಷ ಯುಗಾದಿ ಮುಗಿಸಿ ಪುಣೆಗೆ ಮರಳುವಾಗ ಸಂಕೇಶ್ವರದ ಹತ್ತಿರ ಹೆದ್ದಾರಿ ಬಿಟ್ಟು, ಚಿಕ್ಕೋಡಿ ಹಾದು ಅಥಣಿಗೆ ಹೋದೆವು. ಒಂದು ಮನೆಯ ಪಡಸಾಲೆಯಲ್ಲಿ ಗಂಡ ಅಟ್ಟೆ ಕತ್ತರಿಸುತ್ತಿದ್ದರು, ಹೆಂಡತಿ ಪಟ್ಟಿಗೆ ಜಡೆಯಂಥ ಹೆಣಿಗೆ ಹಾಕುತ್ತಿದ್ದರು. ನಾನು ಸಂಕೋಚದಿಂದ ಕಾಲು ಹಿಂದಕ್ಕೆಳೆದುಕೊಂಡೆ. ಆ ಅಕ್ಕ ನಕ್ಕು, ‘ನಾಚಬ್ಯಾಡ್ರಿ, ಇಂಥಾ ಕಾಲು ಭಾಳ ಬರ್ತಾವು’ ಅಂದರು. ನೆಲದ ಮೇಲೆ ಕಾಗದ ಹಾಸಿ, ಎರಡೂ ಪಾದ ಊರಿ ನಿಲ್ಲಿಸಿ, ಪೆನ್ಸಿಲ್ಲಿನಿಂದ ಗೆರೆ ಎಳೆದರು. ನನ್ನ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ಅಗಲ ಎಂಬುದು ಆ ಗೆರೆಯಲ್ಲಿ ಎದ್ದು ಕಾಣುತ್ತಿತ್ತು. ಇಷ್ಟು ವರ್ಷ ಎರಡಕ್ಕೂ ಒಂದೇ ಅಳತೆ ತುರುಕುತ್ತಿದ್ದೆ! ಅವರು ಎಡದ ಅಟ್ಟೆಯನ್ನು ಒಳಬದಿಗೆ ಅಗಲ ಬಿಟ್ಟು ಕತ್ತರಿಸಿದರು, ಪಟ್ಟಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದರು, ಹೆಬ್ಬೆರಳ ಉಂಗುರವನ್ನು ಸಡಿಲ ಮಾಡಿದರು. ಎರಡು ವಾರಕ್ಕೆ ಪಾರ್ಸಲ್ ಬಂತು. ಒಂದೂವರೆ ಸಾವಿರ ರೂಪಾಯಿ. ಮಾಲ್‌ನಲ್ಲಿ ನಾನು ಕೊಂಡು ಮೂಲೆಗೆಸೆದ ಜೋಡಿಗಳ ಬೆಲೆಗೆ ಇಂಥವು ನಾಲ್ಕು ಬರುತ್ತಿದ್ದವು.

ಮೊದಲ ವಾರ ಗಟ್ಟಿಯಾಗಿರುತ್ತದೆ. ಒಳಬದಿಗೆ ಎಣ್ಣೆ ಸವರಿ, ಮನೆಯೊಳಗೆ ದಿನಕ್ಕೆ ಅರ್ಧ ತಾಸು ಓಡಾಡಿ ಪಳಗಿಸಿದೆ. ಮೇ ತಿಂಗಳಲ್ಲಿ ಗೆಳತಿಯ ಗೃಹಪ್ರವೇಶಕ್ಕೆ ಸೀರೆಯ ಜೊತೆ ಹಾಕಿಕೊಂಡು ಹೋದೆ. ಎಲ್ಲಿ ತಗೊಂಡೆ ಅಂತ ಮೂವರು ಕೇಳಿದರು. ಗಂಟನ್ನು ಯಾರೂ ನೋಡಲಿಲ್ಲ. ನೋಡಿದ್ದರೂ ನನಗೇನು?

ಎಲ್ಲರಿಗೂ ಇದೇ ಮದ್ದು ಅನ್ನುತ್ತಿಲ್ಲ. ಕೊಲ್ಹಾಪುರಿಯ ಅಟ್ಟೆ ಚಪ್ಪಟೆ, ಮೆತ್ತೆ ಇಲ್ಲ. ಹಿಮ್ಮಡಿ ನೋವು, ಚಪ್ಪಟೆ ಪಾದ ಇದ್ದವರಿಗೆ ಅದು ಒಗ್ಗದೆ ಇರಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಂತೂ ಗಟ್ಟಿ ಚರ್ಮದ ಹೊಸ ಚಪ್ಪಲಿಯ ಹತ್ತಿರ ಹೋಗಬಾರದು. ಗಾಯವಾದರೂ ತಿಳಿಯುವುದಿಲ್ಲ. ಅವ್ವನಿಗೆ ಅದಕ್ಕೇ ಬೇರೆ ಹುಡುಕಿದೆ: ಅಗಲ ಮೂತಿ, ಮೂರು ವೆಲ್ಕ್ರೋ ಪಟ್ಟಿ, ಮೆತ್ತನೆ ಅಟ್ಟೆ. ಬಣ್ಣ ಮಾತ್ರ ಅವಳ ಇಷ್ಟದ ಕಡುಗೆಂಪು. ಈಗ ಮತ್ತೆ ಬೆಳಗ್ಗೆ ಕೆಲಗೇರಿ ಕೆರೆಯ ಕಡೆ ಹೊರಡುತ್ತಾಳೆ.

ಅಥಣಿಗೆ ಹೋಗಲಾಗದವರು ಅಂಗಡಿಯಲ್ಲಿ ಇಷ್ಟು ನೋಡಿ. ಸಂಜೆ ಹೊತ್ತು ಹೋಗಿ, ಆಗ ಕಾಲು ಊದಿ ಅದರ ದೊಡ್ಡ ಅಳತೆಯಲ್ಲಿರುತ್ತದೆ. ಮನೆಯಲ್ಲೇ ಹಾಳೆಯ ಮೇಲೆ ಪಾದದ ಗೆರೆ ಎಳೆದು, ಕತ್ತರಿಸಿ ಒಯ್ಯಿರಿ. ಚಪ್ಪಲಿಯ ಅಟ್ಟೆಯ ಮೇಲಿಟ್ಟಾಗ ಕಾಗದ ಹೊರಗೆ ಚಾಚಿದರೆ ಮೆಟ್ಟಿ ನೋಡುವುದೂ ಬೇಡ. ಗಂಟಿನ ಮೇಲೆ ಹೊಲಿಗೆ, ಬಕಲ್, ಕಲ್ಲು, ಮಣಿ ಬರಬಾರದು. ಅಲ್ಲಿ ಪಟ್ಟಿ ಬರಲೇಬೇಕಿದ್ದರೆ ಮೆತ್ತನೆಯ, ಅಗಲದ, ಸಡಿಲಿಸಲು ಬರುವ ಪಟ್ಟಿ ಇರಲಿ. ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಮಡಚಿಕೊಂಡರೆ ಬೇಡ. ಹೀಲ್ ಎರಡು ಬೆರಳಿಗಿಂತ ಎತ್ತರ ಬೇಡ. ಹಿಂದೆ ಪಟ್ಟಿ ಇದ್ದರೆ ಹೆಬ್ಬೆರಳು ಚಪ್ಪಲಿಯನ್ನು ಹಿಡಿದುಕೊಳ್ಳಲು ಒದ್ದಾಡಬೇಕಿಲ್ಲ. ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ಚಪ್ಪಲಿ ಬಿಡುವ ನಮಗೆ ಬಕಲ್‌ಗಿಂತ ವೆಲ್ಕ್ರೋ ಸಲೀಸು. ಚರ್ಮದ್ದಾಗಿದ್ದು ಸ್ವಲ್ಪವೇ ಬಿಗಿ ಇದ್ದರೆ ಓಣಿಯ ಮೂಲೆಯಲ್ಲಿ ಕೂರುವ ಚಪ್ಪಲಿ ರಿಪೇರಿಯವರಿಗೆ ಕೊಡಿ. ಗಂಟಿನ ಜಾಗದಲ್ಲಷ್ಟೇ ಅದನ್ನು ಹಿಗ್ಗಿಸಿಕೊಡುತ್ತಾರೆ.

ನಾನು ನನ್ನ ಜೋಡಿ ಮೆಟ್ಟಲು ಶುರುಮಾಡಿ ಎರಡು ತಿಂಗಳಾಗಿತ್ತು, 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿತು, ಕೊಲ್ಹಾಪುರಿಯ ಹೆಸರೆತ್ತದೆ. ಗದ್ದಲವಾದ ಮೇಲೆ ಭಾರತದ ಕರಕುಶಲತೆಯಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಲಿಡ್‌ಕಾಮ್, ಲಿಡ್ಕರ್ ಎರಡರ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಒಳ್ಳೆಯದಾಗಲಿ. ನಾವೂ ಅಥಣಿಯ ಪಡಸಾಲೆಯಲ್ಲಿ ಚೌಕಾಸಿಗೆ ಕೂರದೆ, ಕೇಳಿದ ಬೆಲೆ ಕೊಡೋಣ. ನಮ್ಮ ಕಾಲಿಗೆಂದೇ ಅಟ್ಟೆ ಕತ್ತರಿಸುವವರು ಇನ್ನೆಲ್ಲಿ ಸಿಗುತ್ತಾರೆ?

ಕೊನೆಗೊಂದು ಲೆಕ್ಕ. ಹೇಳಿ ಮಾಡಿಸಿದ ಜೋಡಿಗೆ ಎರಡು ಮೂರು ವಾರ, ಪಳಗಿಸಲು ಒಂದು ವಾರ. ಜೂನ್‌ನಲ್ಲಿ ಪುಣೆಗೆ ಮಳೆ ಬಂದರೆ ಚರ್ಮದ ಚಪ್ಪಲಿಯನ್ನು ಒಣಗಿಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಎತ್ತಿಡಬೇಕು. ಹಾಗಾಗಿ ಹಾಳೆ, ಪೆನ್ಸಿಲ್ ಇವತ್ತೇ ಹುಡುಕಿ. ಎರಡೂ ಕಾಲಿನ ಗೆರೆ ಬೇರೆ ಬೇರೆ ಎಳೆಯುವುದನ್ನು ಮರೆಯಬೇಡಿ.