ಶುಶ್ರೂಷೆಗೆ ಬೇಕಾದ ಬಲ

ಮನೆಯಲ್ಲೊಬ್ಬರು ವ್ಯಾಧಿಗ್ರಸ್ತರಾದಾಗ ಮೊದಮೊದಲು ಶುಶ್ರೂಷೆಗೆ ಹಲವರು ಒದಗುವರು. ವರ್ಷಗಳು ಕಳೆದಂತೆ ಒಬ್ಬರೇ ಉಳಿಯುವುದುಂಟು. ಆ ಒಬ್ಬರಿಗೆ ಬಲವೆಲ್ಲಿಂದ ಬರಬೇಕು?

ಅಮೆರಿಕೆಯ ದಕ್ಷಿಣ ಕ್ಯಾರೊಲೈನಾ ಪ್ರಾಂತದ ಕೊಲಂಬಿಯಾ ನಗರದಲ್ಲಿ ರಾಬರ್ಟ್‌ಸನ್ ಮೆಕ್‌ಕ್ವಿಲ್ಕಿನ್ ಎಂಬವರು ಕ್ರೈಸ್ತ ವಿದ್ಯಾಲಯವೊಂದರ ಅಧ್ಯಕ್ಷರಾಗಿದ್ದರು. ಅವರ ಪತ್ನಿ ಶ್ರೀಮತಿ ಮ್ಯೂರಿಯಲರಿಗೆ ಸ್ಮೃತಿಯನ್ನು ಮೆಲ್ಲಮೆಲ್ಲನೆ ಅಳಿಸುವ ಅಲ್ಜೈಮರ್ ರೋಗವುಂಟಾಯಿತು. ಪತಿ ಕಣ್ಮರೆಯಾದರೆ ಆಕೆಗೆ ಭಯ. ಅವರನ್ನರಸುತ್ತ ದಿನಕ್ಕೆ ಹಲವು ಬಾರಿ ವಿದ್ಯಾಲಯಕ್ಕೆ ನಡೆದು ಬರುತ್ತಿದ್ದರು. ಕೆಲವು ರಾತ್ರಿ ಆಕೆಯ ಪಾದಗಳಲ್ಲಿ ರಕ್ತ ಕಾಣುತ್ತಿತ್ತು. ಆಕೆಯನ್ನು ಆರೈಕೆಯ ಮನೆಗೆ ಸೇರಿಸಬೇಕೆಂದು ಆಪ್ತಮಿತ್ರರು ಹೇಳಿದರು. ಅವರಾದರೋ 1990ರಲ್ಲಿ ಪದವಿಯನ್ನೇ ತ್ಯಜಿಸಿದರು. ನಲವತ್ತೆರಡು ವರ್ಷಗಳ ಹಿಂದೆ ದೇವರ ಮುಂದೆ ಮಾಡಿದ ವಿವಾಹಪ್ರತಿಜ್ಞೆ, ಅಷ್ಟು ಕಾಲ ತಮ್ಮನ್ನು ಸಲಹಿದವಳ ಋಣ, ಎಲ್ಲಕ್ಕೂ ಮಿಗಿಲಾದ ಪ್ರೀತಿ, ಇವೇ ಅವರು ಕೊಟ್ಟ ಕಾರಣಗಳು.

ರೋಗವು ವಾಸಿಯಾಗಲಿಲ್ಲ. ಮ್ಯೂರಿಯಲರು 2003ರಲ್ಲಿ ತೀರಿಕೊಂಡರು. ಪದವಿ ಬಿಟ್ಟ ಮೇಲೂ ಹದಿಮೂರು ವರ್ಷ ಶುಶ್ರೂಷೆ ನಡೆಯಿತು. ನಂಬಿಕೆಯು ಹೊರೆಯನ್ನು ಇಳಿಸಲಿಲ್ಲ, ಹೊರುವವರನ್ನು ನಿಲ್ಲಿಸಿತು. ಶಿಷ್ಯರ ಪಾದಗಳನ್ನು ತೊಳೆದ ಕ್ರಿಸ್ತನನ್ನು ನಂಬಿದವರಿಗೆ ರೋಗಿಯ ಪಾದ ತೊಳೆಯುವುದೂ ದೇವರ ಸೇವೆಯೇ.

ವಾಚಕರಲ್ಲಿ ಇಂಥ ಸೇವೆಯಲ್ಲಿರುವವರಿಗೆ ನಮ್ಮದೊಂದು ಮಾತು. ಆಯಾಸದಿಂದ ಬೇಸರವೋ ಕೋಪವೋ ಬಂದರೆ ನಂಬಿಕೆ ಕುಂದಿತೆಂದು ಎದೆಗುಂದಬೇಡಿರಿ. ನೆರೆಯವರು ಒಂದು ರಾತ್ರಿ ತಾವು ಎಚ್ಚರವಿರುವೆವೆಂದರೆ ಸಂಕೋಚವಿಲ್ಲದೆ ಒಪ್ಪಿ ನಿದ್ರಿಸಿರಿ. ನೀವು ಪ್ರಾರ್ಥನೆಯಲ್ಲಿ ಬೇಡಿದ ಬಲವು ಆ ರೂಪದಿಂದಲೂ ಬಾಗಿಲಿಗೆ ಬರುವುದುಂಟು.