ಬಡವರ ಲೆಕ್ಕ ಹಾಕಿ, ಹಾಕಿದ ಲೆಕ್ಕ ಹೊರಗೆ ತನ್ನಿ



ಹೊಸ ರೇಷನ್ ಕಾರ್ಡಿಗೆ ಅರ್ಜಿ ಕೊಟ್ಟು ಕಾದವರ ಕಿವಿಗೆ ಒಂದು ಮಾತು ಬಿದ್ದೇ ಇರುತ್ತದೆ: "ಕೋಟಾ ಮುಗಿದಿದೆ." ಈ ಕೋಟಾ ಗೊತ್ತು ಮಾಡಿದವರು ಯಾರು? ನಿಮ್ಮ ತಹಶೀಲ್ದಾರರಲ್ಲ, ನ್ಯಾಯಬೆಲೆ ಅಂಗಡಿಯವರಂತೂ ಅಲ್ಲವೇ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಹಳ್ಳಿಗಳಲ್ಲಿ ಶೇ. 75, ಪಟ್ಟಣಗಳಲ್ಲಿ ಶೇ. 50ರಷ್ಟು ಜನರಿಗೆ ಅಗ್ಗದ ಧಾನ್ಯ ಕೊಡಬೇಕೆಂದಿತು. ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂಬುದನ್ನು 2011-12ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯನ್ನು ಮುಂದಿಟ್ಟುಕೊಂಡು ಹಂಚಿದರು. ಕರ್ನಾಟಕದ ಪಾಲಿಗೆ ಬಂದದ್ದು ಹಳ್ಳಿಗಳ ಶೇ. 76.04, ಪಟ್ಟಣಗಳ ಶೇ. 49.36. ಅದನ್ನು 2011ರ ಜನಗಣತಿಗೆ ಹೊಂದಿಸಿದಾಗ ಸುಮಾರು 4.02 ಕೋಟಿ ಜನ. ಅಂದು ಎಣಿಸಿದ ಮೇಲೆ ಹುಟ್ಟಿದ ಮಗು ಇಂದು ಹೈಸ್ಕೂಲಿನಲ್ಲಿದೆ. ಅದು ಆ ಲೆಕ್ಕದಲ್ಲಿ ಇಲ್ಲ. ಕೇಂದ್ರದ ಕೋಟಾ ಮೀರಿದ ಕಾರ್ಡುಗಳ ಹೊರೆ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತದೆ. ಕಾರ್ಡು ರದ್ದು ಮಾಡುವ ಗಲಾಟೆ ಆಗಾಗ ಏಳುವುದಕ್ಕೆ ಇದೂ ಒಂದು ಕಾರಣ.

ಹೀಗೆ, ಹದಿನಾಲ್ಕು-ಹದಿನೈದು ವರ್ಷದ ಹಿಂದೆ ಯಾರದೋ ಮನೆಯ ಜಗಲಿಯಲ್ಲಿ ಕೂತು ಬರೆದುಕೊಂಡ ಉತ್ತರಗಳು ಇವತ್ತಿಗೂ ನಮ್ಮ ಅಕ್ಕಿಯ ಚೀಲವನ್ನು ಅಳೆಯುತ್ತಿವೆ. ಅಂಥ ಸಮೀಕ್ಷೆ ಹೊತ್ತು ಹೊತ್ತಿಗೆ ನಡೆಯಬೇಕು, ನಡೆದದ್ದು ಹೊರಗೆ ಬರಬೇಕು, ಅದರಿಂದ ಬಡವರೆಷ್ಟು ಎಂದು ಸರ್ಕಾರ ಬಾಯಿಬಿಟ್ಟು ಹೇಳಬೇಕು. ಈ ಕರಪತ್ರ ಕೇಳುವುದು ಇಷ್ಟನ್ನೇ. ನಾವು ಯಾವ ಪಕ್ಷದವರೂ ಅಲ್ಲ. ಮುಂದೆ ಓದಿದರೆ ಯಾವ ಪಕ್ಷವನ್ನೂ ಬಿಟ್ಟಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಈ ಬಳಕೆ ವೆಚ್ಚ ಸಮೀಕ್ಷೆ ಮನೆಮನೆಗೂ ಬರುವ ಜನಗಣತಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ಶಾಲೆಯ ಮೇಷ್ಟ್ರುಗಳು ಬಾಗಿಲಿಗೆ ಬಂದು ಜಾತಿ, ಕಸುಬು, ಓದು ಕೇಳಿ ಹೋದರಲ್ಲ, ಅದೂ ಅಲ್ಲ. ಇದು ಮಾದರಿ ಸಮೀಕ್ಷೆ. 1950ರಲ್ಲಿ ಪಿ.ಸಿ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಒಂದು ಕವಲು. 2023-24ರಲ್ಲಿ ಇಡೀ ದೇಶದಲ್ಲಿ ಆರಿಸಿದ್ದು ಸುಮಾರು 2.62 ಲಕ್ಷ ಮನೆ. ಸಾವಿರ ಮನೆಗೆ ಒಂದೂ ಪೂರ್ತಿ ಬೀಳುವುದಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು, ನಿಜ. ಆದರೆ ಅಗುಳನ್ನು ಪಾತ್ರೆಯ ಮೇಲಿನಿಂದಲೂ ತೆಗೆಯಬೇಕು, ತಳದಿಂದಲೂ ತೆಗೆಯಬೇಕು. ಅದಕ್ಕೇ ಹಳ್ಳಿಯಲ್ಲಿ ಜಮೀನು ಎಷ್ಟಿದೆ, ಪಟ್ಟಣದಲ್ಲಿ ಕಾರು ಇದೆಯೇ ಎಂದು ನೋಡಿ ಮನೆಗಳನ್ನು ಗುಂಪು ಮಾಡಿ ಆರಿಸುತ್ತಾರೆ. ತಳದ ಅಗುಳು ಸುಲಭವಾಗಿ ಸಿಗುತ್ತದೆ. ಬಡವರ ಮನೆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದಲ್ಲ! ಕಷ್ಟ ಇರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಸೆಕ್ಯುರಿಟಿಯವರನ್ನು ದಾಟಿ ಒಳಗೆ ಹೋಗುವುದರಲ್ಲಿ.

ಬಂದವರು ನಿಮ್ಮ ಆದಾಯವನ್ನು ಕೆದಕುವುದಿಲ್ಲ. ಕೂಲಿಯವರ ಆದಾಯ ಈ ವಾರ ಇದ್ದಂತೆ ಮುಂದಿನ ವಾರ ಇರುವುದಿಲ್ಲ, ಮಳೆ ನಂಬಿದ ರೈತನದು ಈ ವರ್ಷ ಇದ್ದಂತೆ ಮುಂದಿನ ವರ್ಷ ಇರುವುದಿಲ್ಲ. ಆದರೆ ಒಲೆಯಂತೂ ದಿನಾ ಉರಿಯಲೇಬೇಕು. ಆದ್ದರಿಂದ ಕೇಳುವುದು ಖರ್ಚನ್ನು. ಕಳೆದ ಏಳು ದಿನದಲ್ಲಿ ಎಣ್ಣೆ ಎಷ್ಟು, ಮೊಟ್ಟೆ ಎಷ್ಟು, ತರಕಾರಿ, ಎಲೆ-ಅಡಿಕೆ, ಬೀಡಿ ಎಷ್ಟು? ಕಳೆದ ಮೂವತ್ತು ದಿನದಲ್ಲಿ ಅಕ್ಕಿ, ರಾಗಿ, ಬೇಳೆ, ಸಕ್ಕರೆ, ಗ್ಯಾಸು? ಕಳೆದ ಒಂದು ವರ್ಷದಲ್ಲಿ ಬಟ್ಟೆ, ಚಪ್ಪಲಿ, ಮಕ್ಕಳ ಫೀಸು, ಆಸ್ಪತ್ರೆಯ ದಾಖಲಾತಿ? ಹೊಲದಲ್ಲೇ ಬೆಳೆದ ರಾಗಿಗೂ ಮನೆಯ ಹಸುವಿನ ಹಾಲಿಗೂ ಬೆಲೆ ಕಟ್ಟಿ ಬರೆದುಕೊಳ್ಳುತ್ತಾರೆ. 2022-23ರಿಂದ ಟ್ಯಾಬ್ ಹಿಡಿದು, ಒಂದೇ ಮನೆಗೆ ಮೂರು ತಿಂಗಳಲ್ಲಿ ಮೂರು ಸಲ ಬರುವ ಪದ್ಧತಿ ತಂದರು. ಒಂದೇ ಕೂತಲ್ಲಿ ನೂರಾರು ಸಾಮಾನಿನ ಹೆಸರು ಕೇಳಿ ಸುಸ್ತಾದ ಗೃಹಿಣಿ ಕೊನೆಕೊನೆಗೆ "ಇಲ್ಲ, ಇಲ್ಲ" ಎನ್ನತೊಡಗುತ್ತಿದ್ದಳು, ಅದು ತಪ್ಪಿತು. ಯಜಮಾನನನ್ನು ಕೇಳಿದರೆ "ತಿಂಗಳಿಗೆ ಎಂಟು-ಹತ್ತು ಸಾವಿರ ಆಗುತ್ತೆ ಬರ್ಕೊಳ್ರಿ" ಎಂದು ಕೈತೊಳೆದುಕೊಳ್ಳುತ್ತಾನೆ. ಎಣ್ಣೆ ಪ್ಯಾಕೆಟ್ಟು ಸೋಮವಾರ ಒಡೆದದ್ದು, ಶನಿವಾರ ನೆಂಟರು ಬಂದಾಗ ಮುಗಿದದ್ದು ಗೊತ್ತಿರುವುದು ಹೆಂಡತಿಗೆ. ಅವನು ಪೇಟೆಯಲ್ಲಿ ಕುಡಿದ ಚಹಾ ಮಾತ್ರ ಅವಳಿಗೆ ಗೊತ್ತಿಲ್ಲ. ಇಬ್ಬರೂ ಕೂತು ಹೇಳಿದರೆ ಆ ಮನೆಯ ಲೆಕ್ಕ ಸರಿಯಾಗುತ್ತದೆ.

ಇಲ್ಲಿ ಹಲವರಿಗೆ ಒಂದು ಹೆದರಿಕೆ. "ಫ್ರಿಜ್ ಇದೆ, ಬೈಕ್ ಇದೆ ಅಂದ್ರೆ ಕಾರ್ಡು ಹೋಗುತ್ತೆ." ಈ ಹೆದರಿಕೆಯನ್ನು ಮೂರ್ಖತನ ಎನ್ನಲಾರೆವು. ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟಿತು ಎಂದು ಕಾರ್ಡು ಕಿತ್ತುಕೊಂಡದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಆದರೆ ಆ ಕೆಲಸ ಆಹಾರ ಇಲಾಖೆಯದು, ಅದರ ದಾರಿಯೇ ಬೇರೆ. 2008ರ ಅಂಕಿ-ಅಂಶ ಸಂಗ್ರಹಣಾ ಕಾಯ್ದೆಯ ಪ್ರಕಾರ ಹೀಗೆ ಪಡೆದ ಮಾಹಿತಿ ಅಂಕಿ-ಅಂಶದ ಕೆಲಸಕ್ಕೆ ಮಾತ್ರ. ಹೆದರಿ ಖರ್ಚು ಕಡಿಮೆ ಹೇಳಿದರೂ, ಮರ್ಯಾದೆಗೆ ಅಂಜಿ ಹೆಚ್ಚು ಹೇಳಿದರೂ ಪೆಟ್ಟು ಬೀಳುವುದು ನಮಗೇ. ಮರ್ಯಾದೆಯ ಸುಳ್ಳು ಇನ್ನೂ ದುಬಾರಿ. ಇಲ್ಲದ ತುಪ್ಪ ಇದೆ ಎಂದರೆ ನಿಮ್ಮಂಥ ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ತುಪ್ಪ ಇದೆ ಎಂದು ದಾಖಲಾಗುತ್ತದೆ.

ಜನ ಸತ್ಯ ಹೇಳಬೇಕೆಂದು ಕೇಳುವ ಸರ್ಕಾರ ತಾನೂ ಹಾಗೇ ನಡೆದುಕೊಳ್ಳಬೇಕಲ್ಲ? 1972-73ರಿಂದ ಹೆಚ್ಚೂಕಡಿಮೆ ಐದು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆ ನಡೆಸುವ ರೂಢಿ ಇತ್ತು. 2017-18ರಲ್ಲೂ ನಡೆಯಿತು. ಜನ ಉತ್ತರ ಕೊಟ್ಟರು, ವರದಿಯೂ ಸಿದ್ಧವಾಯಿತು. 2019ರ ನವೆಂಬರಿನಲ್ಲಿ ಅದರ ಅಂಶಗಳು ಪತ್ರಿಕೆಯೊಂದರಲ್ಲಿ ಸೋರಿಬಂದವು. ಬೆಲೆ ಏರಿಕೆಯನ್ನು ಕಳೆದು ನೋಡಿದರೆ ತಲಾ ಮಾಸಿಕ ವೆಚ್ಚ 2011-12ರ 1,501 ರೂಪಾಯಿಯಿಂದ 1,446ಕ್ಕೆ ಇಳಿದಿತ್ತು. ಹಳ್ಳಿಗಳಲ್ಲಿ ಇಳಿತ ಶೇ. 8.8. ಅದೇ ತಿಂಗಳ 15ರಂದು ಕೇಂದ್ರ ಸರ್ಕಾರ, ಮಾಹಿತಿಯ ಗುಣಮಟ್ಟ ಸರಿಯಿಲ್ಲ, ವರದಿ ಬಿಡುಗಡೆ ಮಾಡುವುದಿಲ್ಲ ಎಂದುಬಿಟ್ಟಿತು. ಗುಣಮಟ್ಟ ಸರಿಯಿಲ್ಲದಿದ್ದರೆ ಸರಿಯಿಲ್ಲ ಎಂದು ಬರೆದೇ ಪ್ರಕಟಿಸಬಹುದಿತ್ತು. ತಪ್ಪು ಎಲ್ಲಿದೆ ಎಂದು ತಿಳಿದವರು ಹುಡುಕುತ್ತಿದ್ದರು. 1999-2000ದಲ್ಲಿ ಆದದ್ದು ಹಾಗೇ. ಏಳು ದಿನದ ಪ್ರಶ್ನೆಯನ್ನೂ ಮೂವತ್ತು ದಿನದ ಪ್ರಶ್ನೆಯನ್ನೂ ಒಟ್ಟಿಗೇ ಕೇಳಿದ್ದರಿಂದ ಲೆಕ್ಕ ಎಡವಟ್ಟಾಯಿತು. ಅದು ಬಹಿರಂಗವಾಗಿದ್ದರಿಂದಲೇ, ಮುಂದೆ ನೊಬೆಲ್ ಪಡೆದ ಆಂಗಸ್ ಡೀಟನ್ ಮೊದಲಾದವರು ವರ್ಷಗಟ್ಟಲೆ ವಾದ ಮಾಡಿ ಅದನ್ನು ತಿದ್ದುವ ದಾರಿ ಹುಡುಕಿದರು. ಬಚ್ಚಿಟ್ಟ ಲೆಕ್ಕವನ್ನು ತಿದ್ದುವವರು ಯಾರು? 2019ರ ಜನವರಿಯಲ್ಲೇ, ಉದ್ಯೋಗ ಸಮೀಕ್ಷೆಯನ್ನು ತಡೆಹಿಡಿದದ್ದಕ್ಕೆ ರಾಷ್ಟ್ರೀಯ ಅಂಕಿ-ಅಂಶ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟಿದ್ದರು. ಆ ಆಯೋಗಕ್ಕೆ ಶಾಸನದ ಬಲವಿಲ್ಲ. ಸರ್ಕಾರದ ನಿರ್ಣಯದಿಂದ ಹುಟ್ಟಿದ್ದು, ಸರ್ಕಾರ ಕಿವಿಗೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೆಂಗಳೂರಿನವರೂ ಏನೂ ಕಮ್ಮಿಯಿಲ್ಲ. 2015ರಲ್ಲಿ ರಾಜ್ಯದ ಮನೆಮನೆಗೂ ಹೋಗಿ ಮಾಡಿದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ. ಈ ನಡುವೆ ಮೂರು ಪಕ್ಷಗಳೂ ಅಧಿಕಾರದ ರುಚಿ ನೋಡಿದವು. ಕೊನೆಗೆ ಅದು ಹಳತಾಯಿತೆಂದು 2025ರಲ್ಲಿ ಹೊಸದಾಗಿ ಮೇಷ್ಟ್ರುಗಳನ್ನು ಕಳಿಸಿದರು.

ಈಗ ರೇಖೆಯ ವಿಷಯ. ಖರ್ಚಿನ ಪಟ್ಟಿ ಎಷ್ಟೇ ಇರಲಿ, ಎಷ್ಟಕ್ಕಿಂತ ಕಡಿಮೆಯಾದರೆ ಬಡತನ ಎಂದು ಒಂದು ಗೆರೆ ಎಳೆಯಬೇಕು. 1962ರಲ್ಲಿ ಯೋಜನಾ ಆಯೋಗದ ತಜ್ಞರು ತಲೆಗೆ ತಿಂಗಳಿಗೆ 20 ರೂಪಾಯಿ ಎಂದರು. ಅದರಲ್ಲಿ ಆಸ್ಪತ್ರೆ, ಶಾಲೆಯ ಖರ್ಚು ಸೇರಿರಲಿಲ್ಲ. ಅವನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ ಎಂಬ ನಂಬಿಕೆ ಆಗ ಇತ್ತು. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ 2,250 ಕ್ಯಾಲೊರಿ ಊಟಕ್ಕೆ ಬೇಕಾದ ಖರ್ಚನ್ನು ಹಿಡಿದರು. 2009ರಲ್ಲಿ ತೆಂಡೂಲ್ಕರ್ ಸಮಿತಿ ಕ್ಯಾಲೊರಿಗೆ ಗಂಟುಬೀಳುವುದನ್ನು ಬಿಟ್ಟು, ಜನ ಕೈಯಿಂದ ಕೊಡುವ ಫೀಸು, ಔಷಧಿಯನ್ನೂ ಸೇರಿಸಿತು. ಆ ರೇಖೆ 2011-12ರಲ್ಲಿ ಹಳ್ಳಿಗೆ ತಿಂಗಳಿಗೆ 816, ಪಟ್ಟಣಕ್ಕೆ 1,000 ರೂಪಾಯಿ. ಅದರ ಪ್ರಕಾರ ದೇಶದಲ್ಲಿ ಶೇ. 21.9, ಕರ್ನಾಟಕದಲ್ಲಿ ಶೇ. 20.9 ಮಂದಿ ಬಡವರು. ಅದಕ್ಕೂ ಮುಂಚೆ, 2011ರ ಸೆಪ್ಟೆಂಬರಿನಲ್ಲಿ, ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ಇದ್ದರೆ ಸಾಕು ಎಂದು ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ ನಗೆಪಾಟಲಾಗಿತ್ತು. 2014ರಲ್ಲಿ ರಂಗರಾಜನ್ ಸಮಿತಿ ರೇಖೆಯನ್ನು 972 ಮತ್ತು 1,407ಕ್ಕೆ ಏರಿಸಿತು, ಬಡವರು ಶೇ. 29.5 ಆದರು. ಆ ವರದಿಯನ್ನು ಸರ್ಕಾರ ಒಪ್ಪಿಕೊಳ್ಳಲಿಲ್ಲ. ಬೇರೆ ರೇಖೆಯನ್ನೂ ಎಳೆಯಲಿಲ್ಲ.

ರೇಖೆ ಇಲ್ಲದ ಕಡೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. 2022-23ರವರೆಗಿನ ಒಂಬತ್ತು ವರ್ಷದಲ್ಲಿ 24.82 ಕೋಟಿ ಜನ ಬಡತನದಿಂದ ಪಾರಾದರು ಎಂದು ನೀತಿ ಆಯೋಗ 2024ರ ಜನವರಿಯಲ್ಲಿ ಹೇಳಿತು. ಇದು ಖರ್ಚಿನ ಲೆಕ್ಕವಲ್ಲ. ಪೌಷ್ಟಿಕತೆ, ಶಾಲೆ, ಶೌಚಾಲಯ, ಅಡುಗೆ ಅನಿಲ, ಕರೆಂಟು, ಬ್ಯಾಂಕ್ ಖಾತೆ ಹೀಗೆ ಹನ್ನೆರಡು ಅಂಶಗಳ ಲೆಕ್ಕ. ಅಂಥ ಲೆಕ್ಕವೂ ಬೇಕು, ಬೇಡ ಎನ್ನುವುದಿಲ್ಲ. ಬರಿಯ ದುಡ್ಡಿನಿಂದ ಬಾಳು ಅಳೆಯಲಾಗದು. ಆದರೆ ಬ್ಯಾಂಕ್ ಖಾತೆ ಇದೆಯೇ ಎಂದು ಕೇಳಿದ ಪ್ರಶ್ನೆ ಅದರಲ್ಲಿ ಎಷ್ಟಿದೆ ಎಂದು ಕೇಳಲಿಲ್ಲ. ಇದಕ್ಕಿಂತ ಮುಖ್ಯವಾದದ್ದು, 2022-23ರ ಅಂಕಿಯನ್ನು ಆ ವರ್ಷ ಮನೆಗಳಿಗೆ ಹೋಗಿ ತಂದದ್ದಲ್ಲ. 2021ರ ಏಪ್ರಿಲಿಗೆ ಮುಗಿದ ಕುಟುಂಬ ಆರೋಗ್ಯ ಸಮೀಕ್ಷೆಯವರೆಗೆ ಬಡತನ ಇಳಿದ ವೇಗದಲ್ಲೇ ಮುಂದೆಯೂ ಇಳಿದಿರಬೇಕು ಎಂದು ಊಹಿಸಿ ಹಾಕಿದ್ದು. ಇನ್ನೊಂದು ಕಡೆ ವಿಶ್ವಬ್ಯಾಂಕ್ ದಿನಕ್ಕೆ 3 ಡಾಲರಿನ ತನ್ನ ರೇಖೆ ಹಿಡಿದು, ಭಾರತದಲ್ಲಿ ಕಡುಬಡವರು ಶೇ. 5.3 ಎಂದಿತು. ನಮ್ಮ ಬಡವರನ್ನು ಎಣಿಸಲು ವಾಷಿಂಗ್ಟನ್ನಿನ ಗೆರೆ ಬೇಕಾಯಿತು ಎಂಬುದಕ್ಕೆ ನಾಚಿಕೆಪಡಬೇಕಾದವರು ಯಾರೋ ನಮಗೆ ತಿಳಿಯದು.

2023-24ರ ಸಮೀಕ್ಷೆಯನ್ನು ಪ್ರಕಟಿಸಿದ್ದಾರೆ, ಅದಕ್ಕೆ ಮೆಚ್ಚುಗೆ ಇದೆ. ಹಳ್ಳಿಯಲ್ಲಿ ತಲಾ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಪಟ್ಟಣದಲ್ಲಿ 6,996. ಸರಾಸರಿ ಕೇಳಲು ಚೆನ್ನಾಗಿರುತ್ತದೆ. ಹಳ್ಳಿಗಳ ತೀರ ಕೆಳಗಿನ ಶೇ. 5 ಮಂದಿಯ ಖರ್ಚು ನೋಡಿ: 1,677 ರೂಪಾಯಿ. ದಿನಕ್ಕೆ 56. ಊಟ, ಸೋಪು, ಮಾತ್ರೆ, ಬಸ್ಸು, ಮೊಬೈಲ್ ಕರೆನ್ಸಿ ಎಲ್ಲ ಅದರೊಳಗೇ. ರೇಷನ್ನಿನ ಅಕ್ಕಿ, ಶಾಲೆಯಲ್ಲಿ ಕೊಟ್ಟ ಸೈಕಲ್ಲು, ಸಮವಸ್ತ್ರದಂಥ ಉಚಿತ ವಸ್ತುಗಳಿಗೆ ಬೆಲೆ ಕಟ್ಟಿ ಸೇರಿಸಿದಾಗ ಹಳ್ಳಿಯ ಸರಾಸರಿ 4,247 ಆಯಿತು, ಅಂದರೆ 125 ರೂಪಾಯಿ ಹೆಚ್ಚು. ಉಚಿತ ಕೊಟ್ಟು ಜನರನ್ನು ಸೋಮಾರಿ ಮಾಡಿದರು ಎಂದು ಟಿವಿಯಲ್ಲಿ ಅರಚುವವರು ಈ 125ನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.

ಸರಾಸರಿಯ ಇನ್ನೊಂದು ಮೋಸ ನಮ್ಮ ರಾಜ್ಯದಲ್ಲೇ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕು ತಾಲ್ಲೂಕು ಹಿಡಿದು ನೋಡಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ ಪಟ್ಟಿಯನ್ನು ಇವತ್ತಿಗೂ ಭಾಷಣಗಳಲ್ಲಿ ಉರುಹೊಡೆಯುತ್ತಾರೆ. ಆದರೆ ಮಾದರಿ ಸಮೀಕ್ಷೆ ಕರ್ನಾಟಕದ ಹಳ್ಳಿಗಳಿಗೆಲ್ಲ ಒಂದು, ಪಟ್ಟಣಗಳಿಗೆಲ್ಲ ಒಂದು ಅಂಕಿ ಕೊಟ್ಟು ಸುಮ್ಮನಾಗುತ್ತದೆ. ಬೆಂಗಳೂರಿನ ಖರ್ಚು ದೇವದುರ್ಗದ ಹಸಿವನ್ನು ಮುಚ್ಚಿಹಾಕುತ್ತದೆ. 2025ರ ಜನವರಿಯಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಜಿಲ್ಲೆಯನ್ನು ಮೂಲ ಘಟಕವಾಗಿ ಹಿಡಿಯತೊಡಗಿವೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ತನ್ನ ಪಾಲಿನ ಮಾದರಿಯನ್ನು ಹೆಚ್ಚಿಸಿಕೊಂಡರೆ ಜಿಲ್ಲೆಗೊಂದು ನಂಬಬಹುದಾದ ಅಂಕಿ ಸಿಗುತ್ತದೆ. ಕಲ್ಯಾಣ ಕರ್ನಾಟಕದ ಹೆಸರಲ್ಲಿ ಖರ್ಚಾಗುವ ಹಣದ ಮುಂದೆ ಇದು ಚಿಲ್ಲರೆ ಕಾಸು.

ಆದ್ದರಿಂದ ನಿಮ್ಮ ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಈ ಕರಪತ್ರ ತೆಗೆದುಕೊಂಡು ಹೋಗಿ. ಹೀಗೊಂದು ಠರಾವು ಮಂಡಿಸಿ: "ಬಳಕೆ ವೆಚ್ಚ ಸಮೀಕ್ಷೆ ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಯಬೇಕು. ಮುಗಿದ ವರದಿಯನ್ನು ಗೊತ್ತುಪಡಿಸಿದ ದಿನ ಪ್ರಕಟಿಸಬೇಕು. ತಡೆಯುವ ಅಧಿಕಾರ ಯಾವ ಮಂತ್ರಿಗೂ ಇರಕೂಡದು. ರಾಷ್ಟ್ರೀಯ ಅಂಕಿ-ಅಂಶ ಆಯೋಗಕ್ಕೆ ಶಾಸನದ ಬಲ ಕೊಡಬೇಕು. 2017-18ರ ವರದಿಯನ್ನು ಇದ್ದದ್ದು ಇದ್ದಂತೆ ಪ್ರಕಟಿಸಬೇಕು. 2023-24ರ ಖರ್ಚಿನ ಆಧಾರದಲ್ಲಿ ಹೊಸ ಬಡತನ ರೇಖೆ ಘೋಷಿಸಬೇಕು. ಹೊಸ ಜನಗಣತಿಯ ಲೆಕ್ಕ ಬಂದ ಕೂಡಲೇ ರೇಷನ್ ಕೋಟಾ ಪರಿಷ್ಕರಿಸಬೇಕು." ಠರಾವು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿ, ಪಿಡಿಒ ಸಹಿ ಹಾಕಿದ ನಕಲು ಪಡೆಯಿರಿ. ಒಂದು ಪ್ರತಿ ಕೇಂದ್ರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯಕ್ಕೆ, ಒಂದು ನಿಮ್ಮ ಸಂಸದರಿಗೆ, ಒಂದು ಶಾಸಕರಿಗೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಜೋಪಾನ ಮಾಡಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ ಮೊದಲು ತೋರಿಸಬೇಕಾದ ಕಾಗದ ಅದು.