ಹಳೆಯ ಫೋನಿಗೆ ಕಲಾಯಿ

ಹಿತ್ತಾಳೆಯ ಪಾತ್ರೆಯ ಕಲಾಯಿ ಹೋಯಿತೆಂದು ಹಿಂದೆ ಯಾರೂ ಪಾತ್ರೆಯನ್ನೇ ಬಿಸುಡುತ್ತಿರಲಿಲ್ಲ. ಕಲಾಯಿಯವನು ಊರಿಗೆ ಬರುವ ತನಕ ಅದು ಅಟ್ಟದ ಮೇಲೆ ಕಾದಿರುತ್ತಿತ್ತು. ಅವನು ಬೆಂಕಿಯಲ್ಲಿ ಕಾಯಿಸಿ ತವರ ಬಳಿದ ಮೇಲೆ ಮತ್ತೆ ಅಡುಗೆಮನೆ ಸೇರುತ್ತಿತ್ತು. ಇಂದಿನ ಸ್ಮಾರ್ಟ್‌ಫೋನಿಗೆ ಈ ಭಾಗ್ಯವಿಲ್ಲ. ಗಾಜು ಒಡೆದಿರುವುದಿಲ್ಲ, ಧ್ವನಿ ಕೆಟ್ಟಿರುವುದಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರುತ್ತದೆ.

ಇದಕ್ಕೆ ಕಾರಣ ಎಷ್ಟೋ ವೇಳೆ ಯಂತ್ರವಲ್ಲ, ಅದನ್ನು ನಡೆಸುವ ತಂತ್ರಾಂಶ. ಆಂಡ್ರಾಯ್ಡ್ ಅಂಥದೊಂದು ತಂತ್ರಾಂಶ. ಅದರಲ್ಲಿ ಆಗಾಗ ಕಾಣಿಸುವ ದೋಷಗಳನ್ನು ತಿದ್ದಿ ತಯಾರಕರು ಹೊಸ ಪ್ರತಿಯನ್ನು ಕಳುಹಿಸುತ್ತಾರೆ. ಒಂದು ದಿನ ಆ ಕೆಲಸವನ್ನು ನಿಲ್ಲಿಸುತ್ತಾರೆ. ಅಂದಿನಿಂದ ಫೋನು ಬೇಲಿ ಮುರಿದ ಹೊಲದಂತೆ.

ಆದರೆ ಆಂಡ್ರಾಯ್ಡಿನ ಮೂಲವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಈ ಅವಕಾಶವನ್ನು ಬಳಸಿಕೊಂಡು 2009ರಲ್ಲಿ ಸಯನೋಜೆನ್‌ಮಾಡ್ ಎಂಬ ತಂತ್ರಾಂಶ ಹುಟ್ಟಿತು. 2016ರ ಕೊನೆಯಲ್ಲಿ ಅದು ನಿಂತಾಗ ಲಿನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಯಿತು. 2011ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ 2 ಫೋನಿಗೆ ತಯಾರಕರು ಆಂಡ್ರಾಯ್ಡ್ 4.1ರ ಆಚೆಗೆ ಏನನ್ನೂ ಕೊಡಲಿಲ್ಲ. ಸ್ವಯಂಸೇವಕರು ಅದೇ ಫೋನಿನಲ್ಲಿ 7.1 ಅನ್ನು ನಡೆಸಿದರು! ತಯಾರಕರಿಗೂ ಇದು ಅಸಾಧ್ಯವೇನಲ್ಲ. ನೆದರ್ಲೆಂಡ್ಸಿನ ಫೇರ್‌ಫೋನ್ ಸಂಸ್ಥೆಯು 2015ರಲ್ಲಿ ಹೊರತಂದ ತನ್ನ ಎರಡನೆಯ ಫೋನಿಗೆ 2023ರವರೆಗೂ ತಿದ್ದುಪಡಿಗಳನ್ನು ಒದಗಿಸಿತು.

ಈ ಕಾರ್ಯ ನಿರಪಾಯವೆಂದು ಭಾವಿಸಬಾರದು. ಫೋನನ್ನು ಎಚ್ಚರಗೊಳಿಸುವ ಬೂಟ್‌ಲೋಡರಿಗೆ ತಯಾರಕರು ಬೀಗ ಹಾಕಿರುತ್ತಾರೆ. ಅದನ್ನು ತೆರೆದಾಗ ಸಾಮಾನ್ಯವಾಗಿ ಒಳಗಿನ ಚಿತ್ರ, ಬರಹಗಳೆಲ್ಲ ಅಳಿಸಿಹೋಗುತ್ತವೆ. ಬೇರೆ ಮಾದರಿಯ ತಂತ್ರಾಂಶವನ್ನು ತುಂಬಿದರೆ ಫೋನು ಬರಿಯ ಇಟ್ಟಿಗೆಯಾಗಬಹುದು. ಕೆಲವು ಬ್ಯಾಂಕುಗಳ ಆಪ್‌ಗಳು ಇಂಥ ಫೋನಿನಲ್ಲಿ ನಡೆಯುವುದಿಲ್ಲ. ಚಿಪ್ಪಿನ ಆಳದಲ್ಲಿರುವ ಕೆಲವು ದೋಷಗಳನ್ನಂತೂ ಅದನ್ನು ಮಾಡಿದವರಲ್ಲದೆ ಅನ್ಯರು ತಿದ್ದಲಾರರು.

ಬೀಗವೇ ತಪ್ಪೆಂದು ಹೇಳಲಾಗದು. ಅದು ಕಳ್ಳನಿಗೂ ತಡೆ. ಆದರೆ ಹಣ ತೆತ್ತು ಕೊಂಡವನಿಗೂ ಕೀಲಿಕೈ ದೊರೆಯದಿರುವುದು ಯಾವ ನ್ಯಾಯ? ಕೆಲವು ತಯಾರಕರು ಅದನ್ನು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ತಾನೂ ಕಲಾಯಿ ಹಾಕೆನು, ಅನ್ಯರೂ ಹಾಕಕೂಡದು ಎನ್ನುವ ಪಾತ್ರೆ ವ್ಯಾಪಾರಿಯನ್ನು ಊರು ಒಪ್ಪುತ್ತಿತ್ತೇ? ಫೋನು ಭೂಮಿಗೆ ಹೊರಿಸುವ ಹೊರೆಯ ಬಹುಪಾಲು ಅದರ ಬಳಕೆಯಿಂದಲ್ಲ, ಗಣಿಯಿಂದ ಲೋಹ ತೆಗೆದು ಅದನ್ನು ತಯಾರಿಸುವಾಗಲೇ ಉಂಟಾಗುತ್ತದೆ. ಆದುದರಿಂದ ತಿದ್ದುಪಡಿ ನಿಲ್ಲಿಸುವ ದಿನವೇ ಕೀಲಿಕೈಯನ್ನು ಒಡೆಯನಿಗೆ ಒಪ್ಪಿಸಬೇಕೆಂದು ತಯಾರಕರಿಗೆ ಕಾನೂನು ವಿಧಿಸುವುದು ಉಚಿತ. ಅಂಥ ಫೋನು ಬ್ಯಾಂಕಿನ ವ್ಯವಹಾರಕ್ಕೆ ಒದಗದಿದ್ದರೂ, ಓದುವ ಹುಡುಗಿಗೆ ನಿಘಂಟಾಗಿ, ಅಜ್ಜಿಗೆ ಹಾಡಿನ ಪೆಟ್ಟಿಗೆಯಾಗಿ ಇನ್ನೂ ಕೆಲವು ವರ್ಷ ದುಡಿಯಬಲ್ಲದು.